ಬೀದಿಬದಿಯ ಬದುಕಿಗೆ ಆಸರೆ ಎಷ್ಟು?

ಗುಡಿಯ ಮುಂದೆ ತೇರಿನ ಬೀದಿ, ಬೀದಿಯ ಅಂಚಿನಲ್ಲಿ ವ್ಯಾಪಾರ. ಇದು ನಮ್ಮ ಕ್ಷೇತ್ರಗಳ ಹಳೆಯ ರೂಢಿ. ಹಣ್ಣುಕಾಯಿ, ಹೂವು, ಕಡಲೆಪುರಿ ಮಾರುವವರಿಲ್ಲದೆ ನಂಜನಗೂಡಿನ ದೊಡ್ಡ ಜಾತ್ರೆಯನ್ನು ಊಹಿಸಿಕೊಳ್ಳಲೂ ಆಗದು. ದೇವನೂರಿನಂಥ ಸುತ್ತಲ ಹಳ್ಳಿಗಳಿಗೆ ನಂಜನಗೂಡು, ತಿ. ನರಸೀಪುರಗಳೇ ಪೇಟೆ. ಸೊಪ್ಪಿನ ಮಂಕರಿ ಇಳಿಸಿ ರಸ್ತೆಬದಿಯಲ್ಲಿ ಕೂರುವವರಿಗೆ ಅಂಗಡಿ ಬಾಡಿಗೆಯ ಹೊರೆಯಿಲ್ಲ, ನಿಜ. ಆದರೆ ಕೂತ ಜಾಗವೂ ಅವರದಲ್ಲ. ಏಳೆಂದರೆ ಏಳಬೇಕು; ಎದ್ದ ದಿನ ಗಳಿಕೆಯಿಲ್ಲ.

ಬೀದಿ ವ್ಯಾಪಾರವೂ ಸಂವಿಧಾನ ಕೊಟ್ಟ ವೃತ್ತಿ ಸ್ವಾತಂತ್ರ್ಯದ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ಇಂಥದೇ ಜಾಗ ಬೇಕೆನ್ನುವ ಹಕ್ಕು ಮಾತ್ರ ಇಲ್ಲವೆಂದಿತು. ಆ ಮಾತು ಕಾಯ್ದೆಯಾಗಲು 2014ರವರೆಗೆ ಕಾಯಬೇಕಾಯಿತು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಅದು ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ 30 ದಿನಗಳ ನೋಟಿಸು ಬೇಕು. ವಶಪಡಿಸಿಕೊಂಡ ಸೊಪ್ಪು, ಹಣ್ಣನ್ನು ಕೇಳಿದ ದಿನವೇ ಹಿಂತಿರುಗಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಜನಸಂಖ್ಯೆಯ ಶೇ 2.5ರಷ್ಟು ಮಂದಿಗೆ ಜಾಗ ಕೊಡಬಹುದು. ಅಂದರೆ 50 ಸಾವಿರ ಜನರ ಪಟ್ಟಣದಲ್ಲಿ 1,250 ಮಂದಿಗೆ.

ಜಾಗದಷ್ಟೇ ಕಷ್ಟ ಬಂಡವಾಳದ್ದು. ಬೆಳಿಗ್ಗೆ ಸಾಲ ತಂದು ಸಂಜೆ ಬಡ್ಡಿ ಸಮೇತ ತೀರಿಸಿದರೆ ಲಾಭದ ಬಹುಪಾಲು ಸಾಲ ಕೊಟ್ಟವನಿಗೇ ಹೋಗುತ್ತದೆ. ಇದನ್ನು ತಪ್ಪಿಸಲು ರಾಜ್ಯ ಸರ್ಕಾರ 2018ರಲ್ಲಿ 'ಬಡವರ ಬಂಧು' ಯೋಜನೆಯಡಿ 10 ಸಾವಿರ ರೂಪಾಯಿವರೆಗೆ ಬಡ್ಡಿರಹಿತ ಸಾಲ ಕೊಡತೊಡಗಿತು. ಕೊರೊನಾ ಕಾಲದಲ್ಲಿ, 2020ರಲ್ಲಿ, ಕೇಂದ್ರದ 'ಸ್ವನಿಧಿ' ಬಂತು. ಪಟ್ಟಣಕ್ಕೆ ಬಂದು ಮಾರುವ ಸುತ್ತಲ ಹಳ್ಳಿಯವರನ್ನೂ ಅದು ಸೇರಿಸಿಕೊಂಡಿತು.

ಆದರೆ ಸಾಲ ಬೇರೆ, ಭದ್ರತೆ ಬೇರೆ. ಜ್ವರ ಬಂದು ಮಲಗಿದರೂ ಕಂತು ನಿಲ್ಲದು. ಎಬ್ಬಿಸುವ ವಿಚಾರದಲ್ಲಿ ಕೈ ಕಟ್ಟುವ 2014ರ ಕಾಯ್ದೆ, ವಿಮೆ ಮತ್ತಿತರ ಕಲ್ಯಾಣ ಯೋಜನೆಗಳ ಮಾತು ಬಂದಾಗ ಸರ್ಕಾರ ಕೈಗೊಳ್ಳ'ಬಹುದು' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. 2019ರಲ್ಲಿ ಆರಂಭವಾದ ಶ್ರಮಯೋಗಿ ಮಾನ್‌ಧನ್ ಯೋಜನೆ, 60 ದಾಟಿದವರಿಗೆ ತಿಂಗಳಿಗೆ 3,000 ರೂಪಾಯಿ ಪಿಂಚಣಿಯ ಭರವಸೆ ಕೊಟ್ಟಿತು. ಆದರೆ ಸೇರಲು 18ರಿಂದ 40ರ ವಯಸ್ಸಿನ ಮಿತಿಯಿಟ್ಟಿತು. ಆ ವಯಸ್ಸು ಮೀರಿ ಮಂಕರಿ ಹೊರುತ್ತಿದ್ದವರು ಹೊರಗೇ ಉಳಿದರು.

ಕಾಯ್ದೆ ಕೂರಲು ಜಾಗ ತೋರಿಸಿದೆ. ಕೂರಲಾಗದ ದಿನಕ್ಕೆ ಏನು ಎಂಬುದಕ್ಕೆ ಆ ಒಂದು 'ಬಹುದು' ಉತ್ತರವಾಗದು. ಅದು 'ತಕ್ಕದ್ದು' ಆಗಬೇಕು.