ಮಗನಿಗಾಗಿ ಮಳಿಗೆ ತೆರವು: ಅಳತೆಯೇ ಮೊದಲ ಪ್ರಶ್ನೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪೇಟೆಗಳಲ್ಲಿ ಬಾಡಿಗೆ ಮಳಿಗೆಯಲ್ಲಿಯೇ ಜೀವನ ಕಟ್ಟಿಕೊಂಡ ವರ್ತಕರು ಅನೇಕರು. “ಮಗನಿಗೆ ಅಂಗಡಿ ಹಾಕಿಕೊಡಬೇಕು, ಖಾಲಿ ಮಾಡಿರಿ” ಎಂದು ಮಾಲೀಕರು ಹೇಳಿದಾಗ ಕಾನೂನಿನ ಆಸರೆ ಎಷ್ಟೆಂಬುದನ್ನು ಮೊದಲೇ ಅರಿತಿರುವುದು ಲೇಸು.

ಈ ಭಾಗ ಹೈದರಾಬಾದ್ ರಾಜ್ಯದಲ್ಲಿದ್ದಾಗ 1954ರ ಬಾಡಿಗೆ ನಿಯಂತ್ರಣ ಕಾಯ್ದೆಯಿತ್ತು. ಏಕೀಕರಣದ ತರುವಾಯ 1961ರ ಕಾಯ್ದೆ ಬಂದಿತು. ಅದರನ್ವಯ ಮಾಲೀಕರ ಅಗತ್ಯ ರುಜುವಾತಾದರೂ, ಯಾರಿಗೆ ಹೆಚ್ಚು ಕಷ್ಟವಾದೀತೆಂದು ನ್ಯಾಯಾಲಯವು ತೂಗಿ ನೋಡಬೇಕಾಗಿತ್ತು. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ.

ಈ ಕಾಯ್ದೆಯು ತನ್ನ ಮೊದಲನೇ ಅನುಸೂಚಿಯ ಪ್ರದೇಶಗಳಲ್ಲಿ, 14 ಚದರ ಮೀಟರ್ ತಳವಿಸ್ತೀರ್ಣ ಮೀರದ ವಾಣಿಜ್ಯ ಮಳಿಗೆಗಳಿಗೆ ಮಾತ್ರ ಅನ್ವಯಿಸುತ್ತದೆ. ಎಂದರೆ ಸುಮಾರು 150 ಚದರ ಅಡಿ. 10 ಅಡಿ ಅಗಲ, 15 ಅಡಿ ಉದ್ದದ ಮಳಿಗೆ ಮಿತಿಯೊಳಗೆ. ಉದ್ದ ಒಂದೇ ಅಡಿ ಹೆಚ್ಚಿದರೆ ಹೊರಗೆ! ತಳವಿಸ್ತೀರ್ಣದಲ್ಲಿ ಗೋಡೆಯ ದಪ್ಪವೂ ಸೇರುವುದರಿಂದ ಒಳ ಅಳತೆಯನ್ನೇ ನಂಬಿ ಕೂರಲಾಗದು. ಕಟ್ಟಡ ನಿರ್ಮಾಣವಾಗಿ 15 ವರ್ಷ ತುಂಬಿರದಿದ್ದರೂ ರಕ್ಷಣೆಯಿಲ್ಲ.

ಹೊರಗುಳಿದ ಮಳಿಗೆಗಳಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಅನ್ವಯ. ತಿಂಗಳ ಬಾಡಿಗೆಯವರಿಗೆ 15 ದಿನಗಳ ನೋಟಿಸು ಸಾಕು. ಮಗನ ಅಗತ್ಯವನ್ನು ಸಾಬೀತುಪಡಿಸುವ ಪ್ರಸಂಗವೇ ಉದ್ಭವಿಸದು. ಆದರೂ ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೇ ಹೋಗಬೇಕು; ತಾವೇ ಬೀಗ ಜಡಿಯುವ ಅಧಿಕಾರ ಮಾಲೀಕರಿಗಿಲ್ಲ.

ಮಿತಿಯೊಳಗಿನ ಮಳಿಗೆಗೆ 27(2)(ಆರ್) ಕಲಂ ಇದೆ. ತಮಗೆ ಅಥವಾ ಕುಟುಂಬದವರಿಗೆ ಮಳಿಗೆ ಬೇಕಾಗಿದೆ, ಬೇರೆ ಸೂಕ್ತ ಸ್ಥಳವಿಲ್ಲ ಎಂಬ ಎರಡನ್ನೂ ಮಾಲೀಕರು ಹೇಳಬೇಕು. ತಮಗೆ ಅಥವಾ ಅವಲಂಬಿತರಿಗೆ ಬೇಕೆಂದು ಪ್ರಮಾಣಪತ್ರ ಸಲ್ಲಿಸಿದರೆ ನ್ಯಾಯಾಲಯವು ಅಗತ್ಯವಿದೆಯೆಂದೇ ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊರೆ ಬಾಡಿಗೆದಾರರ ಮೇಲೆ ಬೀಳುತ್ತದೆ.

ಮಾಲೀಕರಿಗೆ ಬೇರೆ ಮಳಿಗೆಯಿದೆ ಎಂಬುದು ಬಾಡಿಗೆದಾರರ ಸಾಮಾನ್ಯ ವಾದ. ಜಾರ್ಖಂಡಿನ ಪ್ರಕರಣವೊಂದರಲ್ಲಿ, ನಿರುದ್ಯೋಗಿಗಳಾದ ಇಬ್ಬರು ಪುತ್ರರಿಗಾಗಿ ಅಲ್ಟ್ರಾಸೌಂಡ್ ಯಂತ್ರ ಹಾಕಲು ಮಾಲೀಕರು ಸ್ಥಳ ಕೇಳಿದ್ದರು. ಯಾವ ಆಸ್ತಿ ಸೂಕ್ತವೆಂದು ನಿರ್ಧರಿಸುವವರು ಮಾಲೀಕರೇ ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅಗತ್ಯ ನೈಜವಾಗಿರಬೇಕು, ಬರಿಯ ಬಯಕೆಯಾಗಿರಬಾರದು ಎಂಬ ನಿಯಮ ಮಾತ್ರ ಉಳಿದಿದೆ.

ಹೀಗಾಗಿ ದೊಡ್ಡ ಮಳಿಗೆಗೆ ಬಂಡವಾಳ ಹೂಡುವವರಿಗೆ ಇರುವ ಭದ್ರತೆ, ಅವಧಿ ನಮೂದಿಸಿ ನೋಂದಾಯಿಸಿದ ಗುತ್ತಿಗೆ ಪತ್ರವೊಂದೇ. ಹನ್ನೊಂದು ತಿಂಗಳ ಕರಾರು ಆ ಕೆಲಸ ಮಾಡದು. ತಯಾರಿಕಾ ಘಟಕಗಳಿಗೆ ಆರು ತಿಂಗಳ ನೋಟಿಸು ಕೊಡಬೇಕೆಂದು 106ನೇ ಕಲಂ ಹೇಳುತ್ತದೆ. ನೋಂದಾಯಿತ ಪತ್ರವಿಲ್ಲದಿದ್ದರೆ ಅದರ ಪ್ರಯೋಜನವೂ ದೊರೆಯದು.