ನ್ಯೂಟ್ರಾನಿನ ಸೂಕ್ಷ್ಮಕಿರಣವೂ ತರಂಗವಾಹಿಯೂ

ಬೀದರಿನ ನೌಬಾದದಲ್ಲಿ ಬಹಮನೀ ಸುಲ್ತಾನರ ಕಾಲದ ಸುರಂಗಬಾವಿಯೊಂದುಂಟು. ಹಲಬರ್ಗಾ, ಭಾಲ್ಕಿಗಳ ಕಡೆಯ ಓದುಗರಲ್ಲಿ ಅನೇಕರು ಅದನ್ನು ಕಂಡಿರಬಹುದು. ಜಂಬಿಟ್ಟಿಗೆ ಕಲ್ಲನ್ನು ಕೊರೆದು, ಇಳುಕಲನ್ನು ಅಳೆದು, ನೆಲದೊಳಗಿನ ನೀರನ್ನು ಬೇಕಾದೆಡೆಗೆ ನಡೆಸಿದ ಕಾಲುವೆ ಅದು. ನೀರಿಗೆ ಗೋಡೆ ಅಡ್ಡವಾಗುತ್ತದೆ. ಗೋಡೆಯನ್ನೇ ತೂರಿಹೋಗುವ ವಸ್ತುವನ್ನು ನಡೆಸುವುದು ಹೇಗೆ? ನ್ಯೂಟ್ರಾನಿನ ವಿಷಯದಲ್ಲಿ ಏಳುವ ಪ್ರಶ್ನೆ ಇದೇ.

1932ರಲ್ಲಿ ಚಾಡ್ವಿಕ್ ಕಂಡುಹಿಡಿದ ಈ ಕಣಕ್ಕೆ ವಿದ್ಯುದಂಶವಿಲ್ಲ. ಲೋಹಗಳನ್ನು ಸುಲಭವಾಗಿ ಹೊಗುತ್ತದೆ. ಆದರೆ ಕಾಂತಗುಣವುಂಟು. ಆದುದರಿಂದ ಪದಾರ್ಥಗಳ ಒಳಗಣ ಕಾಂತವ್ಯವಸ್ಥೆಯನ್ನು ಅರಿಯಲು ಇದು ಉತ್ತಮ ಸಾಧನ. ಅತಿ ಸಣ್ಣ ಭಾಗವನ್ನು ಪರೀಕ್ಷಿಸಬೇಕಾದರೆ ಕಿರಣವೂ ಅಷ್ಟೇ ಸಣ್ಣದಾಗಿರಬೇಕು. ಸೀಳುಗಂಡಿಯನ್ನು ಕಿರಿದುಮಾಡುತ್ತ ಹೋದರೆ ಕಿರಣವು ಕ್ಷೀಣಿಸುವುದಲ್ಲದೆ, ಅಂಚುಗಳನ್ನು ತೂರಿ ಬಂದ ನ್ಯೂಟ್ರಾನುಗಳು ಅದನ್ನು ಕಲಬೆರಕೆಗೊಳಿಸುತ್ತವೆ.

ಉಪಾಯವು ನ್ಯೂಟ್ರಾನಿನ ಸ್ವಭಾವದಲ್ಲಿಯೇ ಇದೆ: ಅದು ಕಣವಾಗಿದ್ದೂ ತರಂಗ. ಬಹುತೇಕ ಪದಾರ್ಥಗಳಲ್ಲಿ ಅದರ ವಕ್ರೀಭವನಾಂಕವು ಒಂದಕ್ಕಿಂತ ಅತ್ಯಲ್ಪ ಕಡಮೆ. ಆದಕಾರಣ 0.4 ನ್ಯಾನೋಮೀಟರ್ ತರಂಗಾಂತರದ ನ್ಯೂಟ್ರಾನು ನುಣುಪಾದ ನಿಕ್ಕಲ್ ತಲಕ್ಕೆ ಸುಮಾರು 0.4 ಡಿಗ್ರಿಗಿಂತ ಕಡಮೆ ಓರೆಯಲ್ಲಿ ತಾಕಿದರೆ ಪೂರ್ಣವಾಗಿ ಪ್ರತಿಫಲಿಸುತ್ತದೆ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರು (1925–2004) ಪರಮಾಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, 1985ರಲ್ಲಿ, ಟ್ರಾಂಬೆಯಲ್ಲಿ ಆರಂಭವಾದ ಧ್ರುವ ರಿಯಾಕ್ಟರಿನ ನ್ಯೂಟ್ರಾನ್ ನಾಳಗಳು ಈ ತತ್ತ್ವವನ್ನೇ ಆಶ್ರಯಿಸಿವೆ. ಆ ನಾಳಗಳು ಕಿರಣವನ್ನು ದೂರಕ್ಕೆ ಒಯ್ಯುತ್ತವೆಯೇ ಹೊರತು ಸೂಕ್ಷ್ಮಗೊಳಿಸುವುದಿಲ್ಲ.

ಸೂಕ್ಷ್ಮಗೊಳಿಸುವ ಸಾಧನವು ಗಾಜಿನ ಮೇಲೆ ಲೇಪಿಸಿದ ಮೂರು ಪದರಗಳು: ನಿಕ್ಕಲ್–ತಾಮ್ರ ಮಿಶ್ರಲೋಹದ ಎರಡು ಪದರಗಳು, ಅವುಗಳ ನಡುವೆ ತಾಮ್ರ. ಮೇಲಿನ ಪದರ ಬಹು ತೆಳು. ಓರೆಯಾಗಿ ಬಿದ್ದ ತರಂಗವು ಅದರ ಮೂಲಕ ಒಳಕ್ಕೆ ಜಿನುಗುತ್ತದೆ. ಕೆಲವು ನಿಯತ ಕೋನಗಳಲ್ಲಿ ಮಾತ್ರ ತಾಮ್ರದೊಳಗೆ ಸ್ಥಿರತರಂಗವು ಏರ್ಪಟ್ಟು ಬಲಗೊಂಡು, ಪದರದ ಉದ್ದಕ್ಕೂ ಸಾಗಿ, ಕೊನೆಯ ಅಂಚಿನಿಂದ ಹೊರಬೀಳುತ್ತದೆ. ತಾಮ್ರದ ದಪ್ಪ 150 ನ್ಯಾನೋಮೀಟರ್ ಆದರೆ ಕಿರಣದ ದಪ್ಪವೂ ಅಲ್ಲಿ ಸರಿಸುಮಾರು ಅಷ್ಟೇ, ಅಂದರೆ ತಲೆಗೂದಲಿನ ಐನೂರರಲ್ಲಿ ಒಂದು ಪಾಲಿನಷ್ಟು. ಈ ತೆಳುವಾದರೂ ಒಂದೇ ದಿಕ್ಕಿನಲ್ಲಿ. ಕಿರಣವು ದಾರದಂತಿರದೆ ಹಾಳೆಯಂತಿರುತ್ತದೆ.

ಈ ಲಾಭಕ್ಕೆ ಬೆಲೆ ತೆರಬೇಕು. ಇಕ್ಕಟ್ಟಿನಿಂದ ಹೊರಬಂದ ತರಂಗವು ಹರಡಿಕೊಳ್ಳುವುದು ನಿಯಮ. ತರಂಗಾಂತರವನ್ನು ದಪ್ಪದಿಂದ ಭಾಗಿಸಿದರೆ ಹರಹು ತಿಳಿಯುತ್ತದೆ: 0.4ನ್ನು 150ರಿಂದ ಭಾಗಿಸಿದರೆ ಸುಮಾರು 0.15 ಡಿಗ್ರಿಯ ಕೋನ. ಒಂದು ಮಿಲಿಮೀಟರ್ ಸಾಗುವಷ್ಟರಲ್ಲಿ ಕಿರಣವು ಸುಮಾರು ಇಪ್ಪತ್ತು ಪಾಲು ದಪ್ಪವಾಗಿಬಿಡುತ್ತದೆ. ಪದರವನ್ನು ಇನ್ನೂ ತೆಳುಮಾಡಿದರೆ ಹರಹು ಇನ್ನೂ ಹೆಚ್ಚುವುದು. ಆದುದರಿಂದ ಪರೀಕ್ಷಿಸುವ ವಸ್ತುವನ್ನು ಅಂಚಿಗೆ ಒತ್ತಿಯೇ ಇಡಬೇಕು. ಬರುವ ನ್ಯೂಟ್ರಾನುಗಳು ವಿರಳವಾದುದರಿಂದ ತಾಳ್ಮೆಯಿಂದ ಬಹುಕಾಲ ಎಣಿಸಬೇಕು. ರಷ್ಯಾದ ದುಬ್ನಾದ ಶಾಸ್ತ್ರಜ್ಞರು ಇಂತಹ ಕಿರಣದಿಂದ ಸಣ್ಣ ಕಾಂತತಂತಿಗಳನ್ನು ಪರೀಕ್ಷಿಸಿದ್ದಾರೆ.

ಕಡೆಗೆ ಪದದ ವಿಚಾರ. ಇದನ್ನು ‘ತರಂಗನಾಳ’ ಎಂದರೆ ಟೊಳ್ಳಾದ ಕೊಳವೆಯೆಂಬ ಭ್ರಾಂತಿ ಹುಟ್ಟುವುದು. ಸುರಂಗಬಾವಿಯ ಒಡಲು ಟೊಳ್ಳು. ಇದರ ಒಡಲು ಗಟ್ಟಿ ತಾಮ್ರ. ಕಾಲುವೆಯ ನೀರು ಹರಹನ್ನು ಕಲ್ಲಿನಿಂದ ಪಡೆಯುತ್ತದೆ. ಇಲ್ಲಿಯ ಹರಹು ತರಂಗದ ಸ್ವಂತ ಗುಣ. ‘ತರಂಗವಾಹಿ’ ಎಂಬುದು ಆ ಭ್ರಾಂತಿಗೆ ಎಡೆಗೊಡದು. ವಸ್ತುವನ್ನರಿತು ಪದವನ್ನು ಟಂಕಿಸಿದರೆ ಪಾಠ ಹೇಳುವವರ ಅರ್ಧ ಕೆಲಸ ಹಗುರವಾಗುತ್ತದೆ.