ಹೆಂಚಿನ ಊರಿಗೆ ಹೋಗಿಬಂದುದು

ನಮ್ಮ ಮಂಡ್ಯದ ಸೀಮೆಯಲ್ಲಿ ಸಮುದ್ರವೆಂಬುದು ಹೆಸರಿನಲ್ಲಿ ಮಾತ್ರ ಉಂಟು. ಮಳವಳ್ಳಿಯ ಬಳಿ ಶಿವನಸಮುದ್ರ, ಶ್ರೀರಂಗಪಟ್ಟಣದ ಮೇಲುಗಡೆ ಕೃಷ್ಣರಾಜಸಾಗರ. ಎರಡರಲ್ಲಿಯೂ ಇರುವುದು ಸಿಹಿನೀರೇ. ನಮ್ಮ ಕಾವೇರಿಯಾದರೋ ಪಡುವಣ ಘಟ್ಟದಲ್ಲಿ ಹುಟ್ಟಿಯೂ ಪಡುವಣ ಕಡಲಿನ ಕಡೆಗೆ ತಿರುಗಿ ನೋಡದೆ, ಮೂಡಣ ಕಡಲನ್ನು ಅರಸಿಕೊಂಡು ಹೋಗುವವಳು. ಇಂತಹ ಸೀಮೆಯ ಹೆಂಗಸರಿಗೆ ಬಂದರುಪಟ್ಟಣವೊಂದರ ಪರಿಚಯ ಎಲ್ಲಿಂದ ಬರಬೇಕು ಎಂದು ವಾಚಕರು ಕೇಳಬಹುದು. ನಮಗೆ ಬಂದುದು ಮನೆಯ ಸೂರಿನಿಂದ.

ಮಳವಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಹಳ್ಳಿಯ ಮನೆಯ ಮಾಡನ್ನು ಬಿಚ್ಚಿಸಿ ತಾರಸಿ ಹಾಕಿಸುವುದೆಂದು ಹೋದ ವರ್ಷ ನಿಶ್ಚಯವಾಯಿತು. ಆಳುಗಳು ಹೆಂಚುಗಳನ್ನು ಇಳಿಸಿ ಅಂಗಳದಲ್ಲಿ ಪೇರಿಸುತ್ತಿದ್ದರು. ನಮ್ಮ ದೊಡ್ಡಮ್ಮನವರು ಅವುಗಳಲ್ಲೊಂದನ್ನು ಮಗುಚಿ, ಸೆರಗಿನಿಂದ ಧೂಳನ್ನೊರಸಿ, ಅದರ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಓದುವಂತೆ ನನ್ನ ಮಗನಿಗೆ ಹೇಳಿದರು. ಅವನು ‘ಬಾಸೆಲ್ ಮಿಷನ್, ಮಂಗಳೂರು, 1865’ ಎಂದು ಓದಿದನು. ದೊಡ್ಡಮ್ಮನವರು ಮದುವೆಯಾಗಿ ಬಂದಂದಿನಿಂದ ಆ ಹೆಂಚಿನ ಕೆಳಗೆಯೇ ಬಾಳಿದವರು. ಎರಡು ಬಾಣಂತನಗಳನ್ನೂ ಒಂದು ಸಾವನ್ನೂ ಅದರ ಕೆಳಗೆ ಕಂಡವರು. “ಇಷ್ಟು ವರ್ಷ ನನ್ನ ತಲೆ ಮೇಲಿದ್ದ ಊರು ಕಣವ್ವ, ಒಂದು ಸಲ ನೋಡ್ಕೊಂಡು ಬರಬೇಕು” ಎಂದರು. ಮನೆಯನ್ನು ಕೆಡವುವುದಕ್ಕೆ ಅವರ ಮನಸ್ಸಿರಲಿಲ್ಲವೆಂಬುದು ನಮಗೆಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಎದುರಾಡಲಿಲ್ಲ. ಮಳೆಗಾಲ ಕಳೆದ ಮೇಲೆ ಬಾಡಿಗೆಯ ಮೋಟಾರೊಂದನ್ನು ಗೊತ್ತುಮಾಡಿಕೊಂಡು ಹೊರಟೆವು. ಬುತ್ತಿಗೆ ಮದ್ದೂರು ವಡೆ, ಉಡುಗೊರೆಗೆ ಅಚ್ಚುಬೆಲ್ಲ. ಮದ್ದೂರು ವಡೆಯನ್ನು 1917ರಲ್ಲಿ ಮೊದಲು ಕರಿದವರೇ ಕರಾವಳಿಯಿಂದ ಬಂದವರೊಬ್ಬರೆಂದು ನಮ್ಮ ಕಡೆಯಲ್ಲಿ ಹೇಳುವುದುಂಟು. ಅದು ನಿಜವಾದರೆ ನಾವು ಆ ಋಣವನ್ನು ಹಿಂದಕ್ಕೆ ಒಯ್ದಂತಾಯಿತು!

ನಾಗಮಂಗಲ, ಚನ್ನರಾಯಪಟ್ಟಣ, ಹಾಸನಗಳನ್ನು ದಾಟಿ ಸಕಲೇಶಪುರಕ್ಕೆ ಬರುವವರೆಗೆ ದಾರಿಯನ್ನು ಕುರಿತು ಬರೆಯತಕ್ಕದ್ದೇನೂ ಇಲ್ಲ. ಅಲ್ಲಿಂದ ಮುಂದೆ ಶಿರಾಡಿಯ ಘಟ್ಟ. ಇಳಿಯುತ್ತ ಇಳಿಯುತ್ತ ಗಾಳಿಯೇ ಬೇರೆಯಾಗುತ್ತದೆ. ಮೈಗೆ ಒದ್ದೆಬಟ್ಟೆ ಹೊದೆಸಿದಂತಹ ಸೆಕೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ನೇತ್ರಾವತಿಯನ್ನು ಕೂಡುವುದನ್ನು ನೋಡಿ, ಅಲ್ಲಿಂದಾಚೆ ಹೆಚ್ಚು ಕಡಮೆ ಆ ನದಿಯ ಜೊತೆಯಲ್ಲಿಯೇ ಊರು ಸೇರಿದೆವು.

ಮಂಗಳೂರಿಗೆ ಹೆಸರುಗಳು ಹಲವು. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿ ಮುಸಲ್ಮಾನರ ಮಾತಿನಲ್ಲಿ ಮೈಕಾಲ. ಕುಡ್ಲವೆಂದರೆ ಕೂಡಲ, ನದಿಗಳ ಸಂಗಮ. ತೆಂಕಣಿಂದ ನೇತ್ರಾವತಿಯೂ ಬಡಗಣಿಂದ ಗುರುಪುರದ ಹೊಳೆಯೂ ಬಂದು ಕೂಡಿ, ಒಂದೇ ಅಳಿವೆಯಿಂದ ಕಡಲಿಗೆ ಬೀಳುವ ಸ್ಥಳದಲ್ಲಿ ಹಳೆಯ ಬಂದರು ಇದೆ. “ನಮ್ಮ ಪಟ್ಟಣದ ಸಂಗಮದ ಹಾಗೇ ಅಲ್ವೇನವ್ವ” ಎಂದು ದೊಡ್ಡಮ್ಮನವರು ಕೈಮುಗಿದರು. ನದಿಗಳೆರಡೂ ಮಣ್ಣನ್ನು ತಂದು ಅಳಿವೆಯಲ್ಲಿ ಸುರಿಯುವುದರಿಂದ ದೊಡ್ಡ ಹಡಗುಗಳು ಒಳಕ್ಕೆ ಬರಲಾರದೆ ದೂರದಲ್ಲಿ ಲಂಗರು ಹಾಕುತ್ತಿದ್ದವು. ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಾಗಿತ್ತು. ಆದುದರಿಂದಲೇ ಬಡಗಣ ಪಣಂಬೂರಿನಲ್ಲಿ ಹೊಸ ಬಂದರನ್ನು ಕಟ್ಟಿ, 1974ರಲ್ಲಿ ಅದನ್ನು ದೇಶದ ಪ್ರಧಾನ ಬಂದರುಗಳಲ್ಲಿ ಒಂದಾಗಿ ಸಾರಿದರು. ಆದರೂ ಹಳೆಯ ಬಂದರು ಬರಿದಾಗಿಲ್ಲ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿಗಳನ್ನು ಒಯ್ಯುವ ಮರದ ಮಂಜಿಗಳು ಅಲ್ಲಿ ನಿಲ್ಲುತ್ತವೆ. ಪಕ್ಕದ ದಕ್ಕೆಯಲ್ಲಿ ಮೀನಿನ ದೋಣಿಗಳ ಸಂದಣಿ. ಮಕ್ಕಳನ್ನು ಬೆಳಗಿನ ಜಾವವೇ ಅಲ್ಲಿಗೆ ಕರೆದುಕೊಂಡು ಹೋಗಬೇಕು. ವಾಸನೆಯನ್ನು ಸಹಿಸಲಾರದವರು ದೂರದಿಂದ ನೋಡಿದರೂ ಸಾಕು.

ಈ ಬಂದರಿನ ಪ್ರಾಚೀನತೆಯ ವಿಷಯದಲ್ಲಿ ನನಗೆ ಬಹು ರುಚಿಸಿದುದು ಒಬ್ಬ ವರ್ತಕನ ಸಂಗತಿ. ಆಫ್ರಿಕದ ಬಡಗಣ ತೀರದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯನು 1132ರಿಂದ 1149ರವರೆಗೆ ಈ ಕರಾವಳಿಯಲ್ಲಿ, ಹೆಚ್ಚಾಗಿ ಮಂಗಳೂರಿನಲ್ಲಿ, ವ್ಯಾಪಾರ ಮಾಡಿಕೊಂಡಿದ್ದನು. ಅಶು ಎಂಬ ಈ ಕಡೆಯ ಹೆಣ್ಣಿನ ಸಂಗಡ ಸಂಸಾರ ಹೂಡಿದನು. ಅವನ ಕಾಗದಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರವೊಂದರಲ್ಲಿ ಉಳಿದು ಬಂದಿವೆ. ಏಡನ್ನಿನ ಗೆಳೆಯರು ಅವನಿಗೆ ಒಡೆದ ತಾಮ್ರದ ಪಾತ್ರೆಗಳನ್ನು ಕಳುಹಿಸಿ, ಕರಗಿಸಿ ಹೊಸವನ್ನು ಮಾಡಿಸಿಕೊಡೆಂದು ಕೇಳುತ್ತಿದ್ದರು. ಮನೆಖರ್ಚಿಗೆಂದು ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದಗಳನ್ನು ಕಳುಹಿಸುತ್ತಿದ್ದರು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೂ ಪಾತ್ರೆ ಒಡೆದರೆ ಇದೇ ಪೇಚಾಟ! ಕಡಲಾಚೆಯಿಂದ ಇಲ್ಲಿಗೆ ಸಕ್ಕರೆ ಬರುತ್ತಿತ್ತೆಂದು ಕೇಳಿ, 1933ರಿಂದ ಸಕ್ಕರೆಯ ಕಾರ್ಖಾನೆಯನ್ನು ಕಂಡ ಊರಿನವರಾದ ನಮ್ಮ ಯಜಮಾನರು ನಕ್ಕರು. ಸುಮಾರು 1342ರಲ್ಲಿ ಬಂದ ಇಬನ್ ಬತೂತನೂ ಪಾರಸಿಕ ಮತ್ತು ಯೆಮನ್ ದೇಶಗಳ ವರ್ತಕರನ್ನು ಇಲ್ಲಿ ಕಂಡುದಾಗಿಯೂ, ಮೆಣಸು ಶುಂಠಿಗಳು ಹೇರಳವಾಗಿದ್ದುದಾಗಿಯೂ ಬರೆದಿದ್ದಾನೆ.

ಕದ್ರಿಯ ಮಂಜುನಾಥನ ದೇವಾಲಯದಲ್ಲಿ ಮೂರು ಮುಖ ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪ ದೊರೆ ಕುಂದವರ್ಮನು 968ರಲ್ಲಿ ಅದನ್ನು ಸ್ಥಾಪಿಸಿದನೆಂದು ಶಾಸನ ಹೇಳುತ್ತದೆ. ದರ್ಶನಕ್ಕೆ ಹೋದವರು ಆತುರದಿಂದ ಹೊರಬರದೆ, ಅದರ ಎದುರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಬಿನ್ನಹ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ಇಟಲಿಯ ಆಂಟೋನಿಯೋ ಮೊಸ್ಕೇನಿ ಎಂಬ ಚಿತ್ರಕಾರರು 1899ರಿಂದ 1901ರೊಳಗೆ ಚಿತ್ರಗಳಿಂದ ತುಂಬಿದ್ದಾರೆ; ಅಲ್ಲಿಂದ ಮಕ್ಕಳನ್ನು ಎಬ್ಬಿಸುವುದೇ ಕಷ್ಟವಾಯಿತು. ಬಲ್ಮಠದ ಗುಡ್ಡದ ಮೇಲಿನ ಬಾಸೆಲ್ ಮಿಷನ್ನಿನ ಮುದ್ರಣಾಲಯಕ್ಕೆ ಕನ್ನಡಿಗರೆಲ್ಲರೂ ಋಣಿಗಳು. 1843ರಲ್ಲಿ ಮೋಗ್ಲಿಂಗ್ ಪಾದ್ರಿಗಳು ‘ಮಂಗಳೂರ ಸಮಾಚಾರ’ವೆಂಬ ಮೊದಲನೆಯ ಕನ್ನಡ ಪತ್ರಿಕೆಯನ್ನು ಈ ಊರಿನಿಂದಲೇ ಹೊರಡಿಸಿದರು, ಕಿಟ್ಟೆಲರ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು.

ಬೋಳೂರಿನಲ್ಲಿ, ಗುರುಪುರದ ಹೊಳೆಯ ದಡದಲ್ಲಿ, ಸುಲ್ತಾನ್ ಬತ್ತೇರಿ ಇದೆ. ಶತ್ರುಗಳ ಹಡಗುಗಳು ಹೊಳೆಯೊಳಕ್ಕೆ ನುಗ್ಗದಂತೆ ಟೀಪು ಸುಲ್ತಾನನು ಕಟ್ಟಿಸಿದ ಕರಿಗಲ್ಲಿನ ಕಾವಲುಗೋಪುರವದು. ನೆಲದ ನಡುವಿನ ಶ್ರೀರಂಗಪಟ್ಟಣದಿಂದ ಆಳುತ್ತಿದ್ದವರಿಗೆ ಕಡಲಿಗೊಂದು ಬಾಗಿಲು ಬೇಕಾಗಿತ್ತು. ಹೈದರನು 1763ರಲ್ಲಿ ಈ ಬಂದರನ್ನು ಹಿಡಿದು ಇಲ್ಲಿ ಹಡಗುಗಳನ್ನು ಕಟ್ಟಿಸಿದನು. 1783ರಲ್ಲಿ ಇಂಗ್ಲಿಷರು ಅದನ್ನು ಕಸಿದುಕೊಳ್ಳಲು, ಟೀಪುವು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಮರುವರ್ಷದ ಜನವರಿಯಲ್ಲಿ ಹಿಂದಕ್ಕೆ ಪಡೆದನು. 1784ರ ಮಾರ್ಚಿ 11ರಂದು ಮಂಗಳೂರಿನ ಒಪ್ಪಂದವಾಯಿತು. ಇಷ್ಟನ್ನು ನಾವು ಶಾಲೆಯಲ್ಲಿ ಓದಿದ್ದೆವು.

ಓದದೆ ಇದ್ದುದು ಮಿಲಾಗ್ರಿಸ್ ಇಗರ್ಜಿಯ ಅಂಗಳದಲ್ಲಿ ತಿಳಿದುಬಂದಿತು. ಅಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮ ದೊಡ್ಡಮ್ಮನವರನ್ನು ಮಾತನಾಡಿಸಿ, “ನೀವು ಯಾವ ಕಡೆಯವರು?” ಎಂದರು. “ಮಳವಳ್ಳಿ ಕಣ್ ತಾಯಿ, ಶ್ರೀರಂಗಪಟ್ಟಣದ ಹತ್ರ” ಎಂದು ಇವರು ಹೇಳಿದ ಮೇಲೆ ಆ ಬಾಯಮ್ಮನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಟ್ಟಣಕ್ಕೆ ನಮ್ಮ ಹಿರಿಯರು ನಡೆದುಕೊಂಡು ಹೋದವರು” ಎಂದರು. 1784ರ ಫೆಬ್ರವರಿ 24ರಂದು, ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ, ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸುಲ್ತಾನನ ದಂಡು ಸೆರೆಹಿಡಿಯಲಾರಂಭಿಸಿತು. ಹೆಂಗಸರು, ಮುದುಕರು, ಕೈಕೂಸುಗಳೆನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರೂ ಸೆರೆಯಲ್ಲಿ ಸತ್ತವರೂ ಬಹು ಮಂದಿ. 1680ರಲ್ಲಿ ಸ್ಥಾಪಿತವಾಗಿದ್ದ ಮಿಲಾಗ್ರಿಸ್ ಇಗರ್ಜಿಯೂ ಆಗ ನೆಲಸಮವಾಯಿತು. ಈಗಿರುವುದು ಅನಂತರ ಕಟ್ಟಿದುದು. 1799ರ ಮಾರ್ಚಿ 27ರಂದು ನಮ್ಮ ಮಳವಳ್ಳಿಯ ಬಯಲಿನಲ್ಲಿ ಕಾಳಗ ನಡೆದು, ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆಯೇ ಉಳಿದವರಿಗೆ ಬಿಡುಗಡೆ.

ಮಳವಳ್ಳಿಯ ಕಾಳಗವನ್ನು ನಾವು ಸೋಲೆಂದು ಕೇಳಿ ಬೆಳೆದವರು. ಪಟ್ಟಣದ ಕೋಟೆಯನ್ನು ನೆಂಟರಿಗೆ ತೋರಿಸುವಾಗಲೆಲ್ಲ ಸುಲ್ತಾನನು ಬಿದ್ದ ಸ್ಥಳದಲ್ಲಿ ನಿಂತು ಮರುಗಿದವರು. ಆ ಮರುಕವನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ಅದೇ ಕೋಟೆಯೊಳಗೆ ಹದಿನೈದು ವರ್ಷ ಊರಿನ ದಾರಿ ಕಾದವರೂ ಇದ್ದರೆಂಬುದನ್ನು ಯಾರೂ ನನಗೆ ಹೇಳಿರಲಿಲ್ಲ. ದೊಡ್ಡಮ್ಮನವರು ಏನು ಹೇಳುವುದೆಂದು ತೋಚದೆ ಚೀಲದಿಂದ ಅಚ್ಚುಬೆಲ್ಲ ತೆಗೆದು ಆಕೆಯ ಕೈಯಲ್ಲಿಟ್ಟರು. ಮರುದಿನ ಆ ಬಾಯಮ್ಮನವರು ನಮ್ಮನ್ನು ಮನೆಗೆ ಕರೆಸಿಕೊಂಡು, ನೀರುದೋಸೆ ತಿನ್ನಿಸಿ, ತಾಳೆಯ ಓಲೆಬೆಲ್ಲದ ಕಟ್ಟೊಂದನ್ನು ಕೊಟ್ಟು ಕಳುಹಿಸಿದರು. ಹಿಂದಿನ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಇನ್ನು ಹೆಂಚಿನ ವಿಷಯ. ಪ್ಲೆಬ್ಸ್ಟ್ ಎಂಬ ಜರ್ಮನ್ ಪಾದ್ರಿಗಳು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹೆಂಚಿನ ಮೇಲಿರುವ ವರ್ಷ ಅದೇ ಹೊರತು, ನಮ್ಮ ಮನೆಯ ಹೆಂಚು ಅಷ್ಟು ಹಳೆಯದೆಂದು ಯಾರೂ ತಿಳಿಯಬಾರದು. ನದಿಗಳ ದಡದ ಜೇಡಿಮಣ್ಣನ್ನು ನಾದಿ, ಅಚ್ಚಿನಲ್ಲೊತ್ತಿ, ನೆರಳಿನಲ್ಲಿ ಒಣಗಿಸಿ, ಸೌದೆಯ ಗೂಡಿನಲ್ಲಿ ಬೇಯಿಸುವರು. ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಬೆಂದು ಕೆಂಪಾಗುತ್ತದೆ. ಒಂದರ ಅಂಚು ಮತ್ತೊಂದರ ಅಂಚಿನಲ್ಲಿ ಕೂರುವಂತೆ ಒತ್ತಿರುವುದರಿಂದ ಮಳೆ ಒಳಗಿಳಿಯದು. ಹಡಗು ಹತ್ತಿ ಈ ಹೆಂಚು ಬರ್ಮಾ, ಸಿಂಹಳ, ಪೂರ್ವ ಆಫ್ರಿಕಗಳಿಗೂ ಹೋಯಿತು; ಘಟ್ಟ ಹತ್ತಿ ನಮ್ಮ ಹಳ್ಳಿಗೂ ಬಂದಿತು. ಈಗ ತಾರಸಿಯ ಕಾಲ. ಮಣ್ಣೂ ಸೌದೆಯೂ ದುರ್ಲಭವಾಗಿ ಅನೇಕ ಕಾರ್ಖಾನೆಗಳು ಮುಚ್ಚಿಹೋಗಿವೆ. ನಾವು ನೋಡಿದುದೂ ಮುಚ್ಚಿದ ಒಂದನ್ನೇ: ಹೊಗೆಯಿಲ್ಲದ ಎತ್ತರದ ಚಿಮಣಿ, ಬಳ್ಳಿ ಹಬ್ಬಿದ ಗೂಡು, ಬಾಗಿಲಲ್ಲಿ ಒಬ್ಬ ಮುದಿ ಕಾವಲುಗಾರ.

ಆಗ ದೊಡ್ಡಮ್ಮನವರು ತಮ್ಮ ಗಂಟನ್ನು ಬಿಚ್ಚಿದರು. ಹಳೆಯ ಸೀರೆಯಲ್ಲಿ ಸುತ್ತಿ ಒಂದು ಹೆಂಚನ್ನು ಮಳವಳ್ಳಿಯಿಂದ ನಮಗೆ ಯಾರಿಗೂ ತಿಳಿಯದಂತೆ ತಂದಿದ್ದರು. ಕಾವಲುಗಾರನು ಅದನ್ನು ತೆಗೆದುಕೊಂಡು, ಒಂದು ಕೈಯಲ್ಲಿ ತೂಗುಹಾಕಿ ಹಿಡಿದು, ಮತ್ತೊಂದು ಕೈಯ ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಟ್ಟನು. ಕಂಚಿನಂತೆ ನುಡಿಯಿತು. “ಒಳ್ಳೆ ಬೆಂದಿದೆ ಅಮ್ಮ. ನಮ್ಮ ಅಪ್ಪನ ಕಾಲದ್ದು ಇರಬೇಕು. ಇದನ್ನು ಯಾಕೆ ಇಳಿಸಿದಿರಿ?” ಎಂದನು. ದೊಡ್ಡಮ್ಮನವರು ನಮ್ಮ ಯಜಮಾನರ ಮುಖವನ್ನು ನೋಡಿದರು.

ಮನೆಗೆ ತಾರಸಿ ಬಿದ್ದಾಗಿದೆ. ಹೆಂಚುಗಳನ್ನು ಮಾರುವ ಮಾತು ಮಾತ್ರ ನಿಂತುಹೋಯಿತು. ಹಿತ್ತಲಿನಲ್ಲಿ ದೊಡ್ಡಮ್ಮನವರಿಗೆಂದು ಒಂದು ಕೋಣೆಯನ್ನೂ ಅದರ ಮಗ್ಗುಲಿಗೆ ಕೊಟ್ಟಿಗೆಯನ್ನೂ ಕಟ್ಟಿಸಿ ಅವುಗಳಿಗೆ ಅದೇ ಹೆಂಚನ್ನು ಹೊದಿಸಿದ್ದೇವೆ. ಮಂಗಳೂರಿಗೆ ಹೋಗಿಬಂದ ಹೆಂಚು ಕೋಣೆಯ ಬಾಗಿಲಿನ ಮೇಲುಗಡೆ, ಎಡದಿಂದ ಮೂರನೆಯದು.